ಸುಮ್ಮನೆ ಕೂರಿಸುವ ಔಷಧಿ

ಮಧ್ಯಾಹ್ನ ಶಾಲೆಯ ಕುರ್ಚಿಯಲ್ಲಿ ಕೂತು, ಕಿಟಕಿಯಲ್ಲಿಟ್ಟಿದ್ದ ಚೊಂಬಿನ ಮಜ್ಜಿಗೆ ಕುಡಿದ ಗೋಣೆಪ್ಪ ಮೇಷ್ಟ್ರು, "ಇದೇನು ಇಷ್ಟು ಉಪ್ಪು!" ಎಂದು ಬೈದು, ಗಳಿಗೆಯಲ್ಲೇ ಕತ್ತು ವಾಲಿಸಿದರು. ಎರಡು ದಿನ ಕಣ್ಣು ಬಿಡಲಿಲ್ಲ. ಚೊಂಬಿನ ತಳದಲ್ಲಿದ್ದದ್ದು ಬ್ರೋಮೈಡ್, ಮಂಪರು ತರಿಸುವ ಔಷಧಿ ಎಂದರು ಡಾಕ್ಟರು. ಚನ್ನಗಿರಿಯ ದಫೇದಾರರು ಬಂದವರೇ ಆಸ್ಪತ್ರೆಯ ಔಷಧಿ ಬೀರು ನೋಡಿಕೊಳ್ಳುವ ಕಾಂಪೌಂಡರ್ ಕರೀಮನ ಕೈಗೆ ಬೇಡಿ ಹಾಕಿದರು. ಇದು ೧೯೩೮ರ ಮಾತು, ಸೂಳೆಕೆರೆ ದಂಡೆಯ ನಮ್ಮೂರಲ್ಲಿ.

ಕರೀಮನ ತಾಯಿ ರಹಮತ್‌ಬೀ ಅಳುತ್ತಾ ನನ್ನ ಗೆಳತಿ ಅಖ್ತರ್‌ಬೀ ಬಳಿ ಬಂದಳು. ಅಖ್ತರ್‌ಬೀ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಹೆರಿಗೆ ಮಾಡಿಸುವ ದಾಯಿಯಾಗಿದ್ದವಳು. ಊರಲ್ಲಿ ಕೋಳಿ ಕಳೆದರೂ ಜನ ಅವಳನ್ನೇ ಕೇಳುತ್ತಿದ್ದರು. ಅವಳ ಹಿಂದೆ ಸದಾ ನಾನು, ಹುಲಿಗೆಮ್ಮ.

"ಮೇಷ್ಟ್ರಿಗೂ ಕರೀಮನಿಗೂ ಜಗಳ ಯಾಕಾತು?" ಎಂದಳು ಅಖ್ತರ್‌ಬೀ.

"ಕೂತಲ್ಲಿ ಕೂರದ ಮಕ್ಕಳಿಗೆಲ್ಲ ಆ ಔಷಧಿ ಕುಡಿಸಿ ಅಂತಿದ್ರು. 'ಮೂರ್ಛೆ ಬರೋರಿಗೆ ಕೊಡೋದು ಸ್ವಾಮಿ, ಓಡಾಡೋ ಮಗೀಗೆ ಯಾಕೆ?' ಅಂದ ನನ್ ಮಗ. ಅಷ್ಟಕ್ಕೇ ನೇಣು ಹಾಕ್ತಾರೇನಕ್ಕಾ?"

ನನ್ನ ಕೇಳಿದ್ದರೆ ಮೇಷ್ಟ್ರು ಕಣ್ಣು ಬಿಡದಿದ್ದರೇ ಒಳ್ಳೆಯದಿತ್ತು. ಶಾಲೆಯ ಕಸ ಗುಡಿಸುವ ಮೂಕಮ್ಮನ ಹಿರಿಯ ಮೊಮ್ಮಗ ಹೋದ ವರ್ಷ ಇದೇ ಔಷಧಿ ಕುಡಿಯುತ್ತಿದ್ದ ದಿನಗಳಲ್ಲಿ ಕೆರೆಗೆ ಬಿದ್ದು ಸತ್ತಿದ್ದ. ಈಗ ಅವನ ತಮ್ಮ ಓಬಣ್ಣನಿಗೂ ಅದನ್ನೇ ಬರೆಸಿದ್ದರು ಆ ಪಾಪಿ ಮೇಷ್ಟ್ರು.

ಅಖ್ತರ್‌ಬೀ ಮೊದಲು ಕರೀಮನ ಬೀರು ತೆಗೆಸಿದಳು. ಹಳೆಯ ಬ್ರೋಮೈಡ್ ಡಬ್ಬಿ ಮುಗಿದಿತ್ತು, ಹೊಸದರ ಮೊಹರು ಒಡೆದೇ ಇರಲಿಲ್ಲ. ಔಷಧಿ ಕುಡಿಯುವ ಮಕ್ಕಳು ಊರಲ್ಲಿ ಮೂವರು. ಇಬ್ಬರ ಮನೆಗೆ ಹೋದರೆ, ಹಾಡುಹಗಲೇ ಬಾಯಿ ತೆರೆದುಕೊಂಡು ತೂಕಡಿಸುತ್ತಿದ್ದರು. ಮೂಕಮ್ಮನ ಮನೆಯಲ್ಲಿ ಓಬಣ್ಣ ಅಖ್ತರ್‌ಬೀಯ ಛತ್ರಿ ಕಿತ್ತುಕೊಂಡು, ಬಿಚ್ಚಿ, ಗೋಡೆ ಹತ್ತಿ ಧುಮುಕಿದ.

ಗೂಡಿನಲ್ಲಿ ಬಾಟಲಿಯಿತ್ತು. ಅದಕ್ಕಂಟಿಸಿದ ಕಾಗದದ ಪಟ್ಟಿಯಲ್ಲಿ ಅಳತೆಗೆ ಕತ್ತರಿಸಿದ ಹಲ್ಲುಗಳು, ಒಂದು ಹಲ್ಲಿಗೆ ಒಂದು ಹೊತ್ತಿನ ಔಷಧಿ. ಔಷಧಿ ಕೊನೆಯ ಹಲ್ಲಿನಷ್ಟೇ ಉಳಿದಿತ್ತು.

"ಒಂದು ಗುಟುಕೂ ಬಿಟ್ಟಿಲ್ಲ ಕಣಕ್ಕಾ," ಎಂದಳು ಮೂಕಮ್ಮ. "ಮೂರು ಬಾಟ್ಲಿ ಮುಗಿದು ಇದು ನಾಕ್ನೇದು."

ಒಲೆಯ ಪಕ್ಕದ ಕುಡಿಕೆಗೆ ಬಿಳಿ ಹಕ್ಕಳೆ ಕಟ್ಟಿತ್ತು. ಮೀನಿಗೆ ಉಪ್ಪು ಹಚ್ಚಿ ಒಣಗಿಸುವ ಮನೆ, ಉಪ್ಪೇ ಇರಬೇಕೆಂದು ನಾನು ಬಿಟ್ಟೆ. ಅಖ್ತರ್‌ಬೀ ಉಗುರಲ್ಲಿ ಗೀರಿ, ನಾಲಿಗೆಗಿಟ್ಟು, ಉಗಿದಳು.

ಮೂರನೆಯ ದಿನ ಮೇಷ್ಟ್ರಿಗೆ ಎಚ್ಚರವಾಯಿತು. ಎಲ್ಲರನ್ನೂ ಶಾಲೆಗೆ ಕರೆಸಿದಳು ಅಖ್ತರ್‌ಬೀ. ಮೇಷ್ಟ್ರನ್ನು ಅದೇ ಕುರ್ಚಿಯಲ್ಲಿ ಆನಿಸಿ ಕೂರಿಸಿದ್ದರು.

"ಔಷಧಿಯದೇನು ತಪ್ಪು?" ಎಂದರು ಡಾಕ್ಟರು. "ಇದರಿಂದ ಪಾಸಾದ ಹುಡುಗರೂ ಇದ್ದಾರೆ."

"ಬೇಕಾದೋರು ಇರಬಹುದು ಡಾಕ್ಟ್ರೇ. ನೀವು ಮಗೀನ ನಾಡಿ ನೋಡಿ ಕೊಟ್ರೋ, ಮೇಷ್ಟ್ರ ಚೀಟಿ ನೋಡಿ ಕೊಟ್ರೋ?" ಎಂದಳು ಅಖ್ತರ್‌ಬೀ.

"ಚೀಟಿ ನೋಡಿಯೇ," ಎಂದು ಒಪ್ಪಿದರು ಡಾಕ್ಟರು. ಅಖ್ತರ್‌ಬೀ ದಫೇದಾರರ ಕಡೆ ತಿರುಗಿದಳು.

"ಕರೀಮನ ಡಬ್ಬಿ ಒಡೆದಿಲ್ಲ. ಅಂದ್ರೆ ವಿಷ ಬಂದದ್ದು ಮೊದಲೇ ಹಂಚಿದ ಬಾಟ್ಲಿಯಿಂದ. ಇಬ್ಬರು ಹುಡುಗರು ತೂಕಡಿಸ್ತಾರೆ, ಅವರು ಕುಡಿದಿದ್ದಾರೆ. ಓಬಣ್ಣ ಛತ್ರಿ ಹಿಡಿದು ಹಾರ್ತಾನೆ. ಅವನ ಬಾಟ್ಲಿ ಮಾತ್ರ ಲೆಕ್ಕಕ್ಕೆ ಸರಿಯಾಗಿ ಖಾಲಿ ಆಗೈತೆ! ಮೂರು ಬಾಟ್ಲೀನ ಕುಡಿಕೇಲಿ ಕುದಿಸಿ ಬತ್ತಿಸಿದ್ರೆ ಉಪ್ಪಿನಂಥ ಹುಡಿ, ಒಂದು ಹಿಡಿ. ಆ ಹಕ್ಕಳೇದು ಮೀನಿನ ಉಪ್ಪಲ್ಲ, ನಾನು ಆಸ್ಪತ್ರೇಲಿ ಕಂಡ ಬ್ರೋಮೈಡಿನ ರುಚಿ. ಕಸ ಗುಡಿಸೋಳು ಕಿಟಕೀಲಿದ್ದ ಚೊಂಬಿನ ಹತ್ರ ಹೋದ್ರೆ ಯಾರು ಕೇಳ್ತಾರೆ?"

ಮೂಕಮ್ಮ ಎದ್ದು ನಿಂತಳು. ಮುಖದಲ್ಲಿ ಒಂದಿಷ್ಟೂ ಅಂಜಿಕೆಯಿರಲಿಲ್ಲ.

"ಹೌದ್ರೀ, ನಾನೇ. ಸಾಯ್ಲಿ ಅಂತಾನೇ ಹಾಕ್ದೆ. ಕರೀಮಪ್ಪನ್ನ ಹಿಡೀತಾರಂತ ಗೊತ್ತಿರಲಿಲ್ಲ, ಇವತ್ತು ನಾನೇ ಹೇಳಾಕೆ ಬಂದಿದ್ದೆ. ನನ್ ದೊಡ್ಡ ಕೂಸು ನಡಿಯಾಕೆ ಮೊದ್ಲು ಈಜಾಕೆ ಕಲ್ತಿತ್ತು. ಸೊಂಟದುದ್ದ ನೀರಾಗೆ ಕೈಕಾಲು ಬಡೀದೆ ಸತ್ತೋತು. ನೀವು ಹೇಳಿದಂಗೇ ಸುಮ್ನಿತ್ತು ಮೇಷ್ಟ್ರೇ!"



ಕರೀಮನ ಬೇಡಿ ಬಿಚ್ಚಿ ಮೂಕಮ್ಮನಿಗೆ ಹಾಕಿ, ಅವಳನ್ನು ಗಾಡಿ ಹತ್ತಿಸಿದರು. ರಹಮತ್‌ಬೀ ಮಗನನ್ನು ತಬ್ಬಿಕೊಂಡೇ ಓಬಣ್ಣನ ಕೈಯನ್ನೂ ಹಿಡಿದಳು. ಅವನು ಕೊಸರಿಕೊಂಡು ಗಾಡಿಯ ಹಿಂದೆ ಓಡಿದ.

"ನಿಂತ್ಕಳೋ!" ಎಂದು ಗದರಿದರು ದಫೇದಾರರು.

"ನಿಲ್ಲಬ್ಯಾಡ ಮಗಾ, ಓಡು!" ಎಂದು ಗಾಡಿಯಿಂದ ಕೂಗಿದಳು ಮೂಕಮ್ಮ.

ಅವನು ಓಡಿದ. ಮೇಷ್ಟ್ರು ಅಲುಗಾಡದೆ ಕೂತು ನೋಡುತ್ತಿದ್ದರು. ನನಗಂತೂ ಹೊಟ್ಟೆ ತಣ್ಣಗಾಯಿತು.