ಅವನ ಎಡಗಾಲು ಹೇಳಿದ್ದು

ಚೆಂಡು ಸೌಜನ್ಯಾಳ ಕಿವಿಯ ಪಕ್ಕದಲ್ಲೇ ಸೊಂಯ್ ಎಂದು ಹಾದುಹೋಯಿತು. ಕೈಯಲ್ಲಿದ್ದ ಕಾಫಿ ಅರ್ಧ ಜಾಕೆಟ್ ಮೇಲೆ, ಅರ್ಧ ಹುಲ್ಲಿನ ಮೇಲೆ.

ಎಸೆದವನಿಗೆ ಸರಿಯಾಗಿ ಬೈಯಬೇಕೆಂದು ತಿರುಗಿದಳು. ತಿರುಗಿದವಳು ಹಾಗೇ ನಿಂತುಬಿಟ್ಟಳು...

ಮೈದಾನದ ಆ ತುದಿಯಲ್ಲಿ ಒಬ್ಬ ಹುಡುಗ ಇನ್ನೊಂದು ಚೆಂಡು ಎತ್ತಿಕೊಂಡಿದ್ದ. ಪುಟ್ಟ ಪುಟ್ಟ ಹೆಜ್ಜೆಯಿಡುತ್ತ ಹಿಂದೆ ಸರಿದ. ಬಲಗಾಲು ಊರಿದ. ಎಡಗಾಲು ಮುಂದೆ ಬಿತ್ತು, ಸೊಂಟ ತಿರುಗಿತು, ಸೊಂಟದ ಹಿಂದೆ ಭುಜ, ಎಲ್ಲಕ್ಕಿಂತ ಕೊನೆಗೆ ಕೈ. ಒದ್ದೆ ಸೀರೆ ಜಾಡಿಸಿದ ಹಾಗೆ! ಮೊಟ್ಟೆಯಾಕಾರದ ಆ ಕಂದು ಚೆಂಡು ಒಂದಿಷ್ಟೂ ಓಲಾಡದೆ, ಬುಗುರಿಯಂತೆ ತಿರುಗುತ್ತ ಮೈದಾನ ದಾಟಿತು.

‘ಇಂವ ಕೈಲೆ ಒಗೀತಾನೋ, ಕಾಲ್ಲೆ ಒಗೀತಾನೋ?’ ಎಂದುಕೊಂಡಳು.

ಬೈಗುಳ ಬಾಯಲ್ಲೇ ಉಳಿಯಿತು. ಅವನು ಓಡಿ ಬಂದು ಕ್ಷಮೆ ಕೇಳಿದ, ಅವಳ ಮುಖ ಬಿಟ್ಟು ಕಾಫಿಯ ಕಲೆಯನ್ನೇ ನೋಡುತ್ತ. ನಮ್ಮ ಹುಡುಗಿ ಅದನ್ನು ಆಗಲೇ ಗಮನಿಸಿಟ್ಟುಕೊಳ್ಳಬೇಕಿತ್ತು. ಇಟ್ಟುಕೊಳ್ಳಲಿಲ್ಲ.

ಅವನು ಜಯದೇವ. ಮೈಸೂರಿನವನು, ದ ಹೇಗ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಸೌಜನ್ಯಾ ಗದಗಿನವಳು, ನೀರಿನ ಪಂಪುಗಳ ಎಂಜಿನಿಯರ್. ಪಕ್ಕದ ವೂರ್‌ಬರ್ಗ್‌ನಲ್ಲಿ ಬೆಂಗಳೂರಿನ ಸ್ಮೃತಿಯ ಜೊತೆ ಮನೆ ಹಂಚಿಕೊಂಡಿದ್ದಳು. ಭಾನುವಾರದ ಈ ಆಟಕ್ಕೆ ಅವಳನ್ನು ಎಳೆದುಕೊಂಡು ಬಂದವಳೂ ಸ್ಮೃತಿಯೇ. ಅಮೆರಿಕನ್ ಫುಟ್‌ಬಾಲಿನ ಸಾಧು ರೂಪ ಅದು. ಮೈಮೇಲೆ ಬೀಳುವಂತಿಲ್ಲ, ಚೆಂಡು ಹಿಡಿದವರ ಸೊಂಟದ ಪಟ್ಟಿ ಕಿತ್ತರೆ ಸಾಕು. ಗಂಡು ಹೆಣ್ಣು ಕೂಡಿಯೇ ಆಡುತ್ತಾರೆ. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಜಯದೇವ.

ಗದಗಿನ ಶಾಲೆಯಲ್ಲಿ ಖೋ-ಖೋ ಆಡಿದ ಕಾಲುಗಳು ಸುಮ್ಮನಿರುತ್ತವೆಯೇ? ಮುಂದಿನ ವಾರವೇ ಸೌಜನ್ಯಾ ಚೆಂಡು ಹಿಡಿಯುವವರ ಸಾಲಿಗೆ ಸೇರಿದಳು. ಮೊದಲ ಸಲ ಓಡಿ, ಮೂಲೆಯಲ್ಲಿ ಸರ್ರನೆ ತಿರುಗಿದರೆ ಚೆಂಡು ಆಗಲೇ ಅವಳ ಎದೆಯ ಮುಂದೆ! ಅವಳು ತಿರುಗುವ ಮೊದಲೇ ಅವನು ಎಸೆದಾಗಿತ್ತು.

ನಾನು ಇಲ್ಲಿಗೇ ಬರುತ್ತೇನೆಂದು ಹೇಗೆ ಗೊತ್ತಾಯಿತೆಂದು ಕೇಳಿದಳು.

"ನಿಂತಿರೋ ಜಾಗಕ್ಕೆ ಎಸೆದ್ರೆ ಚೆಂಡು ಹಿಂದೆ ಬೀಳುತ್ತೆ," ಎಂದ ಜಯದೇವ, "ಹೋಗೋ ಜಾಗಕ್ಕೆ ಎಸೀಬೇಕು."

ಹೇಳಿದ್ದು ಅವಳಿಗೆ, ನೋಡಿದ್ದು ಮಾತ್ರ ದೂರದಲ್ಲಿದ್ದ ಸ್ಮೃತಿಯ ಕಡೆ.

ಅಲ್ಲಿಂದ ಶುರುವಾಯಿತು ನೋಡಿ ಸಂಕಟ. ಅಭ್ಯಾಸದಲ್ಲಿ ಸ್ಮೃತಿ ಯಾವಾಗಲೂ ಎದುರು ಪಾಳಯದಲ್ಲಿ, ಚೆಂಡು ತಡೆಯುವ ಜಾಗದಲ್ಲಿ. ಜಯದೇವನ ಕಣ್ಣು ಯಾವಾಗಲೂ ಅವಳ ಮೇಲೆ. ದ ಹೇಗ್‌ನ ದೋಸೆ ಹೋಟೆಲಿನಲ್ಲೂ ಅದೇ ಕಥೆ. ಸೌಜನ್ಯಾ ಎದುರಿಗೇ ಕೂತಿದ್ದರೂ, ನಿನ್ನ ಫ್ರೆಂಡ್‌ಗೆ ಇನ್ನಷ್ಟು ಚಟ್ನಿ ಬೇಕಾ ಎಂದು ಸ್ಮೃತಿಯನ್ನು ಕೇಳುತ್ತಿದ್ದ.

ಅಷ್ಟರಲ್ಲಿ ಸೌಜನ್ಯಾಳ ಮನಸ್ಸು ಪೂರ್ತಿ ಜಾರಿಹೋಗಿತ್ತು. ಅವನು ಎಸೆಯುವುದನ್ನು ಎಷ್ಟು ಸಲ ನೋಡಿದರೂ ಮೈ ಜುಮ್ಮೆನ್ನುತ್ತಿತ್ತು. ಆದರೆ ಗೆಳತಿಯ ತಟ್ಟೆಗೆ ಕೈ ಹಾಕುವ ಪೈಕಿ ಅವಳಲ್ಲ. ಗ್ರೋನಿಂಗನ್‌ನಲ್ಲಿ ಅವಳು ಬಹಳ ದಿನ ಆಸೆಪಟ್ಟಿದ್ದ ಸಂಶೋಧನೆಯ ಕೆಲಸ ಸಿಕ್ಕಾಗ ತಕ್ಷಣ ಒಪ್ಪಿಕೊಂಡಳು. ಕೆಲಸಕ್ಕಿಂತ ದೂರವೇ ಬೇಕಾಗಿತ್ತು ಪಾಪ.

ಸುದ್ದಿ ಹೇಳಿದಾಗ ಜಯದೇವ ಸ್ಮೃತಿಯ ಸೈಕಲ್ ನೋಡುತ್ತ ‘ಒಳ್ಳೇದಾಯ್ತು’ ಎಂದ. ಅಷ್ಟೇ... ಆ ಒಂದು ಮಾತು ವಾರವಿಡೀ ಅವಳ ಗಂಟಲಲ್ಲಿ ಮುಳ್ಳಾಗಿ ಕೂತಿತು.

ಊರು ಬಿಡುವ ಮುಂಚಿನ ಭಾನುವಾರ ಬಂತು. ಸ್ಮೃತಿಗೆ ನೆಗಡಿ, ಮಫ್ಲರ್ ಸುತ್ತಿಕೊಂಡು ಬೆಂಚಿನ ಮೇಲೆ ಕೂತಿದ್ದಳು. ಕೋಚ್ ಅವಳ ಜಾಗದಲ್ಲಿ ಸೌಜನ್ಯಾಳನ್ನು ನಿಲ್ಲಿಸಿದರು.

ಮೊಟ್ಟಮೊದಲ ಬಾರಿಗೆ ಅವನನ್ನು ಎದುರಿನಿಂದ ಕಂಡಳು.

ಜಯದೇವ ಚೆಂಡು ಹಿಡಿದು ಹಿಂದೆ ಸರಿದ. ತಲೆ ಎತ್ತಿದ. ಅವಳನ್ನೇ ನೋಡಿದ! ಎವೆಯಿಕ್ಕದೆ, ನೆಟ್ಟಗೆ, ಅವಳ ಕಣ್ಣಿಗೇ.

‘ನನ್ನ ನೋಡಾಕತ್ತಾನ...’ ಅರಿವಿಲ್ಲದೆ ಆ ನೋಟದ ಕಡೆಗೆ ಹೆಜ್ಜೆ ಹಾಕಿದಳು. ಚೆಂಡು ಇನ್ನೊಂದು ಮೂಲೆಗೆ ಹೋಗಿ ಜಯದೇವನ ಕಡೆಯ ಚರಣ್‌ನ ಕೈ ಸೇರಿತು. ಎಲ್ಲರೂ ಚಪ್ಪಾಳೆ ಹೊಡೆದರು.

ಸ್ಮೃತಿ ಬೆಂಚಿನಿಂದಲೇ ನಕ್ಕಳು. "ನಿಂಗೂ ಟೋಪಿ ಹಾಕಿದ್ನಾ? ಇಷ್ಟು ತಿಂಗಳಿಂದ ನಾನು ಅದೇ ಕಣ್ಣಿಗೆ ಮೋಸ ಹೋಗ್ತಿದೀನಿ ಕಣೇ. ಯಾರನ್ನ ನೋಡ್ತಾನೋ ಅವರಿಗೆ ಚೆಂಡು ಸಿಗಲ್ಲ."

ಸೌಜನ್ಯಾ ನಿಂತಲ್ಲೇ ಕಲ್ಲಾದಳು. ಇಷ್ಟು ತಿಂಗಳು ಅವನು ನೋಡಿದ್ದು ಸ್ಮೃತಿಯನ್ನು. ಚೆಂಡೆಲ್ಲ ಬಂದದ್ದು... ತನ್ನ ಕೈಗೆ!

ಖೋ-ಖೋ ಕಲಿಸಿದ ಪದ್ಮಿನಿ ಟೀಚರ್ ಮಾತು ನೆನಪಾಯಿತು. ಕಣ್ಣು ಸುಳ್ಳು ಹೇಳ್ತದ, ಕಾಲು ಹೇಳಂಗಿಲ್ಲ.

ಮುಂದಿನ ಎಸೆತದಲ್ಲಿ ಜಯದೇವ ಮತ್ತೆ ಅವಳ ಕಣ್ಣಿಗೇ ಕಣ್ಣಿಟ್ಟ. ಅವಳು ನೋಡಿದ್ದು ಅವನ ಎಡಗಾಲನ್ನು. ಬೂಟಿನ ತುದಿ ಮೂಲೆಯ ಕಡೆ ತಿರುಗಿತು. ಅವನ ಸೊಂಟ ತಿರುಗುವ ಮೊದಲೇ ಅವಳು ಓಡಿದ್ದಳು. ಚರಣ್‌ನ ಮುಂದೆ ಕೈ ಚಾಚಿ ಚೆಂಡನ್ನು ಗಾಳಿಯಲ್ಲೇ ಹಿಡಿದುಬಿಟ್ಟಳು.

ಈಗ ಬಾಯಿ ಬಿಟ್ಟುಕೊಂಡು ನಿಲ್ಲುವ ಸರದಿ ಜಯದೇವನದು.

ಆಟ ಮುಗಿದು ಉಳಿದವರು ಸೈಕಲ್ ಹತ್ತಿ ಹೊರಟ ಮೇಲೆ, ಅವಳು ಚೆಂಡು ಹಿಡಿದೇ ಅವನ ಬಳಿ ಬಂದಳು.

"ನನ್ನ ಕಣ್ಣು ನೋಡ್ಲಿಲ್ವಾ ನೀನು?"

"ಅದನ್ನ ನೋಡೇ ಇಷ್ಟು ದಿನ ಹಾಳಾತು. ಈ ಸಲ ಕಾಲು ನೋಡಿದೆ." ಅವಳು ಚೆಂಡನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು. "ಹೋಟೆಲಿನ್ಯಾಗೂ ಸ್ಮೃತಿನ್ನ ನೋಡ್ತಿದ್ದಿಯಲ್ಲ, ಅದೂ ಆಟೇನು?"

ಜಯದೇವ ತಲೆ ತಗ್ಗಿಸಿದ. "ಅದು ಭಯ. ನಿನ್ನ ನೋಡಿದ್ರೆ ಎಲ್ಲಾ ಗೊತ್ತಾಗ್ಬಿಡುತ್ತೆ ಅಂತ."

"ಯಾರಿಗೆ?"

"ನಿಂಗೆ."

"ನಾ ಹೊಂಟೀನಿ ಅಂದ್ರ ಒಳ್ಳೇದಾಯ್ತು ಅಂದಿ."

"ನೀನು ಆಸೆಪಟ್ಟ ಕೆಲಸ ಅಲ್ವಾ? ಬೇಡ ಅನ್ನೋಕೆ ನಾನ್ಯಾರು..." ಅವನು ತಡವರಿಸಿದ. "ಆವತ್ತು ಸಂಜೆನೇ ಗ್ರೋನಿಂಗನ್ ಟೀಮಿಗೆ ಫೋನ್ ಮಾಡ್ದೆ. ಭಾನುವಾರ ರೈಲಲ್ಲಿ ಬಂದು ಆಡ್ತೀನಿ, ಎಸೆಯೋರು ಬೇಕಾ ಅಂತ. ಬಾ ಅಂದ್ರು."

ಸೌಜನ್ಯಾಳಿಗೆ ಈಗ ಅರ್ಥವಾಯಿತು. ಅವಳು ತಿರುಗಿಯೂ ನೋಡದಿದ್ದಾಗ ಅವನು ಎಸೆದಾಗಿತ್ತು. ಅವಳು ಹೋಗುವ ಜಾಗಕ್ಕೆ!

"ನಾ ಹಿಡೀದಿದ್ರ?"

"ಬಿದ್ದು ಹೋಗ್ತಿತ್ತು. ಅದಕ್ಕಂತ ಎಸೀದೇ ಇರೋಕಾಗುತ್ತಾ?"

ಅವಳ ಕಣ್ಣು ತುಂಬಿ ಬಂತು. "ಹಂಗಾರ ನನ್ನ ನೋಡಿ ಹೇಳು."

ಜಯದೇವ ಮುಖ ಎತ್ತಿದ. ಕಿವಿ ಕೆಂಪಾಯಿತು. ಆದರೂ ಕಣ್ಣು ತಪ್ಪಿಸಲಿಲ್ಲ.

"ನೀನಂದ್ರೆ ನಂಗೆ ಪ್ರಾಣ, ಸೌಜನ್ಯಾ."

"ನೀ ಯಾರನ್ನ ನೋಡ್ತಿಯೋ ಅವ್ರಿಗೆ ಟೋಪಿ," ಎಂದಳು ಅಳುವಿನ ನಡುವೆ ನಗುತ್ತ. "ಹ್ಯಾಂಗ ನಂಬಲಿ?"

ಅವನು ಕೆಳಗೆ ನೋಡೆಂದು ಸನ್ನೆ ಮಾಡಿದ. ಹಸಿ ಹುಲ್ಲಿನ ಮೇಲೆ ಅವನ ಎಡಗಾಲು ನೆಟ್ಟಗೆ ಅವಳ ಕಡೆಗೇ ಮುಖ ಮಾಡಿತ್ತು.

ಸೌಜನ್ಯಾ ಒಂದು ಹೆಜ್ಜೆ ಮುಂದಿಟ್ಟು ತನ್ನ ಕಾಲನ್ನು ಅದಕ್ಕೆ ತಾಗಿಸಿ ನಿಂತಳು.

"ಈಗ ನಂಬಿದ್ಯಾ?"

"ಹೂಂ..." ಅವಳು ಚೆಂಡನ್ನು ಅವನ ಕೈಗಿಟ್ಟಳು. "ಇನ್ಮ್ಯಾಲೆ ಚಟ್ನಿ ಬೇಕೇನು ಅಂತ ನನ್ನೇ ಕೇಳು."