ಹಿಂದೆ ನಿಂತವನು

ಡಬ್ ಎಂದು ಸದ್ದಾದಾಗ ನನಗೆ ಮೊದಲು ಬಂದ ಯೋಚನೆ, ಹಿಂದೆ ನಿಂತಿದ್ದ ಅವನಿಗೆ ಏಟಾಯಿತೇನೋ ಎಂಬುದು.

ಲಾರಿಯಿಂದ ಹಾರಿ ಇಳಿದು ಹಿಂದಕ್ಕೆ ಓಡಿದೆ. ಅವನಿಗೆ ಏನೂ ಆಗಿರಲಿಲ್ಲ. ಗಡಿಗೆಂದು ನಿಲ್ಲಿಸಿದ್ದ ಹಳದಿ ಡ್ರಮ್ಮು ಮಗುಚಿ ಬಿದ್ದು ಉರುಳುತ್ತಿತ್ತು. ಅದರ ಪಕ್ಕದಲ್ಲಿ ಅವನು ತಲೆ ತಗ್ಗಿಸಿ ನಿಂತಿದ್ದ. ಲೈಸೆನ್ಸಿನ ಪರೀಕ್ಷೆ ಮಾಡುವ ಇನ್‌ಸ್ಪೆಕ್ಟರು ಪೆನ್ನಿನ ಕ್ಯಾಪು ಹಾಕುತ್ತಾ, "ಎಲ್ಲಾ ಚೆನ್ನಾಗಿ ಮಾಡಿ ರಿವರ್ಸಲ್ಲಿ ಕೆಡಿಸ್ಕೊಂಡ್ಯಲ್ಲಮ್ಮ. ಇನ್ನೊಂದ್ಸಲ ಬಾ," ಎಂದರು.

"ನಂದೇ ತಪ್ಪು ಕಣೇ," ಎಂದ ಅವನು. "ಬಿಸಿಲು ಕಣ್ಣಿಗೆ ಹೊಡೀತು. ಡ್ರಮ್ಮು ಇನ್ನೂ ದೂರ ಇದೆ ಅನ್ಕೊಂಡೆ."

ಅವನ ಸಪ್ಪೆ ಮುಖ ನೋಡಲಾರದೆ ಬೆನ್ನು ಸವರಿದೆ, ನೀರು ಕುಡಿಸಿದೆ. ಫೇಲಾದವಳು ನಾನು, ಸಮಾಧಾನ ಮಾಡಿದವಳೂ ನಾನು! ಪ್ರೀತಿ ಕುರುಡು ಎನ್ನುತ್ತಾರಲ್ಲ, ನನ್ನ ಪ್ರೀತಿಗೆ ಆ ಕಡೆಗೊಂದು ಈ ಕಡೆಗೊಂದು ಇಷ್ಟುದ್ದದ ಕನ್ನಡಿ ಇದ್ದೂ ಕುರುಡು.

ಲಾರಿ ಹಿಂದಕ್ಕೆ ತೆಗೆಯುವಾಗ ಡ್ರೈವರಿಗೆ ಕಾಣದ ಜಾಗವೇ ಹೆಚ್ಚು. ಅದಕ್ಕೇ ಒಬ್ಬರು ಹಿಂದೆ ನಿಂತು ಲಾರಿಯ ಮೈಯನ್ನು ಅಂಗೈಯಿಂದ ತಟ್ಟುತ್ತಾರೆ. ತಟ್ಟುತ್ತಿರುವವರೆಗೂ ಬರಬಹುದು, ತಟ್ಟುವುದು ನಿಂತರೆ ಬ್ರೇಕು. ಪರೀಕ್ಷೆಗೂ ನಮ್ಮವರೊಬ್ಬರನ್ನು ಹೀಗೆ ನಿಲ್ಲಿಸಿಕೊಳ್ಳಬಹುದು. ಕನ್ನಡಿ ಒಂದು ಹೇಳಿ ಕೈ ಇನ್ನೊಂದು ಹೇಳಿದರೆ ಕೈಯನ್ನೇ ನಂಬು ಎಂದು ಕಲಿಸಿದವನೂ ಅವನೇ. ಅವತ್ತು ಕನ್ನಡಿಯಲ್ಲಿ ಡ್ರಮ್ಮು ತೀರಾ ಹತ್ತಿರ ಕಂಡಿತ್ತು. ಕೈ ಮಾತ್ರ ತಟ್ಟುತ್ತಲೇ ಇತ್ತು. ನಾನು ಕೈಯನ್ನು ನಂಬಿದೆ.

ಮನೆಗೆ ಬರುವ ದಾರಿಯಲ್ಲಿ ಅವನು ಮೆತ್ತಗೆ ಅಂದ, "ನಿನ್ನ ಕೈ ಇನ್ನೂ ಪಳಗಿಲ್ಲ ಅನ್ಸುತ್ತೆ. ಬಿಟ್ಬಿಡೋಣ್ವಾ?"

ನನಗೂ ಹಾಗೇ ಅನ್ನಿಸಿತು. ಬಟ್ಟೆ ಅಂಗಡಿಯಲ್ಲಿ ಸೇಲ್ಸ್ ಕೆಲಸ ಇದೆಯಂತೆ, ಕೇಳಿಕೊಂಡು ಬರುತ್ತೇನೆ ಎಂದು ಅಮ್ಮನಿಗೆ ಹೇಳಿಯೂ ಬಿಟ್ಟೆ.

ಅವನು ಡ್ರೈವಿಂಗ್ ಸ್ಕೂಲಿನಲ್ಲಿ ಲಾರಿ ಕಲಿಸುತ್ತಿದ್ದ. ನಾನು ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುತ್ತಿದ್ದವಳು. ಒಂದು ಸೋಮವಾರ ಕೆಲಸಕ್ಕೆ ಹೋದರೆ ಗೇಟಿಗೆ ಬೀಗ, ಆರ್ಡರ್ ಇಲ್ಲವಂತೆ. ಲಾರಿ ಕಲಿಯುತ್ತೇನೆ ಎಂದಾಗ ಅಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಇರೋ ಡ್ರೈವರ್‌ಗಳೇ ಲೋಡಿಲ್ಲದೆ ನೊಣ ಹೊಡೀತಾ ಕೂತಿದಾರೆ. ಡ್ರೈವರೇ ಬೇಡದ ಲಾರಿ ಬೇರೆ ಬರುತ್ತಂತೆ. ಮುಳುಗೋ ದೋಣಿಗೆ ಓಡಿಹೋಗಿ ಹತ್ತುತೀಯಲ್ಲೇ!"

"ಹೊಲಿಗೆ ದೋಣಿ ಮುಳುಗೇ ಹೋಯ್ತಲ್ಲಮ್ಮ. ಇದು ಇನ್ನೂ ತೇಲ್ತಾ ಇದೆ."

ನಿಜ ಹೇಳಬೇಕೆಂದರೆ ಅದೊಂದೇ ಕಾರಣವಲ್ಲ. ವರ್ಷಗಟ್ಟಲೆ ಬಗ್ಗಿ ಸೂಜಿಯ ತುದಿಯನ್ನೇ ನೋಡಿದವಳು ನಾನು. ಆ ಎತ್ತರದ ಸೀಟಿನಲ್ಲಿ ಕೂತ ಮೊದಲ ದಿನ, ರಸ್ತೆ ಅಷ್ಟು ದೂರದವರೆಗೆ ಕಾಣುತ್ತದೆ ಎಂದು ಗೊತ್ತಾಗಿ ಕಣ್ಣಲ್ಲಿ ನೀರು ಬಂದಿತ್ತು.

"ಆ ಕಡೆ ಕನ್ನಡಿ ನೋಡು," ಎನ್ನುತ್ತಿದ್ದ ಅವನು, ಪಕ್ಕದ ಸೀಟಿನಿಂದ.

"ನೋಡ್ತಾ ಇದೀನಿ ಮೇಷ್ಟ್ರೇ. ಮಧ್ಯ ನೀವು ಅಡ್ಡ ಇದೀರಿ."

"ಅಡ್ಡ ಇರೋದನ್ನ ದಾಟಿ ನೋಡ್ಬೇಕು."

"ದಾಟೋಕೆ ಮನಸ್ಸು ಬರ್ತಿಲ್ಲ."

ಅವನ ಕಿವಿ ಕೆಂಪಾಗುತ್ತಿತ್ತು. ಕಿಟಕಿಯಾಚೆ ಏನೋ ಭಾರೀ ಕೆಲಸವಿದ್ದವನಂತೆ ಮುಖ ತಿರುಗಿಸಿಕೊಳ್ಳುತ್ತಿದ್ದ, ನಗು ಮಾತ್ರ ಕನ್ನಡಿಯಲ್ಲಿ ಸಿಕ್ಕಿಬೀಳುತ್ತಿತ್ತು. ಒಂದು ದಿನ ಗೇರಿನ ಮೇಲಿದ್ದ ನನ್ನ ಕೈ ಮೇಲೆ ಅವನ ಕೈ ಬಂತು. ಮೂರನೇ ಗೇರು ಬಿದ್ದ ಮೇಲೂ ಅದು ಅಲ್ಲೇ ಇತ್ತು. ನಾಲ್ಕನೆಯದು ಹಾಕಬೇಕೆಂದು ಇಬ್ಬರಿಗೂ ನೆನಪಾಗಲಿಲ್ಲ. ಅವತ್ತಿನಿಂದ 'ನೀವು' ಹೋಗಿ 'ನೀನು' ಬಂತು, ಮದುವೆಗೆ ಮೊದಲೇ ಅವನ ತಾಯಿ ನನಗೆ ಅತ್ತೆಯಾದರು.

ಆ ಅತ್ತೆಯ ಬಾಯಿಂದಲೇ ವಿಷಯ ಹೊರಬಿತ್ತು. ಫೇಲಾದ ಮೇಲೆ ಒಂದು ದಿನ ಅವರ ಮನೆಗೆ ಹೋಗಿದ್ದೆ. ಒಗೆದ ಬಟ್ಟೆ ಮಡಚುತ್ತಾ ಕೂತಿದ್ದರು. ನಾನೂ ಒಂದು ಟವೆಲ್ ಎತ್ತಿಕೊಂಡೆ.

"ಬೇಜಾರು ಮಾಡ್ಕೋಬೇಡಮ್ಮ," ಎಂದರು. "ಆಗೋದೆಲ್ಲಾ ಒಳ್ಳೇದಕ್ಕೆ. ಸೊಸೆ ಲಾರಿ ಹತ್ತಿದ್ರೆ ಜನ ಏನಂತಾರೋ ಅಂತ ನಾನು ಗೋಳಾಡ್ತಿದ್ದೆ. ಅವನು ಮೊದಲೇ ಧೈರ್ಯ ಹೇಳಿದ್ದ."

"ಏನಂತ, ಅತ್ತೆ?"

"'ನೀನು ತಲೆ ಕೆಡಿಸ್ಕೋಬೇಡಮ್ಮ, ಅವಳು ಪಾಸಾಗಲ್ಲ, ಅದನ್ನ ನಾನು ನೋಡ್ಕೋತೀನಿ' ಅಂದಿದ್ದ. ಪರೀಕ್ಷೆಯ ಹಿಂದಿನ ದಿನ."

ಅವರ ಮುಖದಲ್ಲಿ ಕಪಟವೇ ಇರಲಿಲ್ಲ. ಮಗ ಮಾತು ಉಳಿಸಿಕೊಂಡ ಎಂಬ ಹೆಮ್ಮೆ ಇತ್ತು, ಅಷ್ಟೆ. ನಾನು ಟವೆಲನ್ನು ಮಡಚಿಟ್ಟು ಎದ್ದೆ.

ಅವನು ಸ್ಕೂಲಿನ ಅಂಗಳದಲ್ಲಿ ಪೈಪು ಹಿಡಿದು ಲಾರಿ ತೊಳೆಯುತ್ತಿದ್ದ. ನನ್ನನ್ನು ಕಂಡು ನೀರು ಚಿಮುಕಿಸಲು ಬಂದ.

"ಅವತ್ತು ಬಿಸಿಲು ಕಣ್ಣಿಗೆ ಹೊಡೀತಾ?" ಎಂದೆ.

ಪೈಪು ಕೆಳಗಾಯಿತು. "ಅಮ್ಮ ಹೇಳಿದ್ಲಾ?"

ಯಾವ ಬಿಸಿಲು, ಏನು ಮಾತು ಎಂದು ಅವನು ಕೇಳಲಿಲ್ಲ. ಯಾರು ಹೇಳಿದರು ಎಂದು ಕೇಳಿದ. ಅಲ್ಲಿಯವರೆಗೂ ಅತ್ತೆ ಏನೋ ತಪ್ಪು ತಿಳಿದಿರಬಹುದು ಎಂದು ನನ್ನೊಳಗೊಂದು ಹುಚ್ಚು ಆಸೆ ಇತ್ತು. ಅದೂ ಸತ್ತಿತು.

"ಬೇಡ ಅಂದಿದ್ರೆ ನೀನು ಕೇಳ್ತಿದ್ಯಾ?" ಎಂದ.

"ಇಲ್ಲ. ಜಗಳ ಆಡ್ತಿದ್ದೆ. ಆ ಜಗಳ ಆಡಿ ಗೆಲ್ಲಬೇಕಿತ್ತು ನೀನು. ಹಿಂದೆ ನಿಂತು ಬೆನ್ನಿಗೆ ಚೂರಿ ಹಾಕೋದಲ್ಲ."

"ನಿನ್ನ ಒಳ್ಳೇದಕ್ಕೇ ಕಣೇ. ಕಾಲ ಸರಿಯಿಲ್ಲ, ಇದ್ದವರೇ ಲೈನು ಬಿಡ್ತಿದಾರೆ. ಒಂದ್ಸಲ ಫೇಲಾದ್ರೆ ನಿನಗೇ ಸಾಕು ಅನ್ಸುತ್ತೆ ಅನ್ಕೊಂಡೆ."

"ನನ್ನ ಕೈಯನ್ನೇ ಬೈಕೊಂಡು ಕೂತಿದ್ದೆ ಕಣೋ ನಾನು, ಇಷ್ಟು ದಿನ! ನಿನ್ನ ಕಣ್ಣೆದುರಿಗೇ."

ನೀರು ಸುಮ್ಮನೆ ಹರಿದು ಹೋಗುತ್ತಿತ್ತು. ಸಿಟ್ಟಿಗೆ ನಲ್ಲಿಯನ್ನೂ ನಿಲ್ಲಿಸದೆ ಬಂದೆ.

ಮುಂದಿನ ಪರೀಕ್ಷೆಗೆ ಹಿಂದೆ ಯಾರನ್ನೂ ನಿಲ್ಲಿಸಿಕೊಳ್ಳಲಿಲ್ಲ. ಸ್ವಲ್ಪ ಹಿಂದಕ್ಕೆ ತೆಗೆಯುವುದು, ಇಳಿದು ಹೋಗಿ ನೋಡುವುದು, ಮತ್ತೆ ಹತ್ತುವುದು. "ಲಾರಿ ಓಡಿಸ್ತೀಯೋ, ಸುತ್ತ ಪ್ರದಕ್ಷಿಣೆ ಹಾಕ್ತೀಯೋ?" ಎಂದು ಇನ್‌ಸ್ಪೆಕ್ಟರು ನಕ್ಕರು. ನಕ್ಕರೂ ಪಾಸು ಮಾಡಿದರು.

ಲೈಸೆನ್ಸು ಹಿಡಿದು ಟ್ರಾನ್ಸ್‌ಪೋರ್ಟ್ ಆಫೀಸಿಗೆ ಹೋದರೆ ಓನರಮ್ಮ ನೇರವಾಗಿ ಹೇಳಿದರು. "ದೂರದ ಲಾಂಗ್ ಲೈನಿಗೆ ಜೋಡಿ ಆದ್ರೆ ಮಾತ್ರ ತಗೋತೀನಿ. ಒಬ್ಬರು ಓಡಿಸ್ತಿದ್ರೆ ಇನ್ನೊಬ್ಬರು ಹಿಂದಿನ ಬರ್ತಲ್ಲಿ ನಿದ್ದೆ ಮಾಡ್ಬೇಕು. ಗಾಡಿ ನಿಲ್ಲೋ ಹಾಗಿಲ್ಲ. ಒಂಟಿ ಆದ್ರೆ ಊರೊಳಗಿನ ಚಿಕ್ಕ ಗಾಡಿ. ಲೋಡು ಬಂದ್ರೆ ಬಂತು, ಇಲ್ದಿದ್ರೆ ಇಲ್ಲ."

ಸುದ್ದಿ ಅವನಿಗೆ ಹೇಗೋ ಮುಟ್ಟಿತು. ಮನೆ ಬಾಗಿಲಿಗೆ ಬಂದು ನಿಂತ. ಗಡ್ಡ ಬೆಳೆದಿತ್ತು.

"ಜೋಡಿಗೆ ನಾನು ಬರ್ತೀನಿ. ಸ್ಕೂಲು ಬಿಟ್ಟೆ. ಅಮ್ಮನ ಹತ್ರ ಜಗಳಾನೂ ಆಡಿದೆ. ತಪ್ಪಾಯ್ತು ಕಣೇ. ಒಂದೇ ಒಂದು ಅವಕಾಶ ಕೊಡು."

ಮನಸ್ಸಿಗೆ ಮಾನ ಮರ್ಯಾದೆ ಇಲ್ಲ. ಆ ಗಡ್ಡ ಕಂಡು ಕರಗಿತು. ಅಮ್ಮ ಒಳಗಿನಿಂದ, "ಕಾಯಂ ಕೆಲಸ, ಯೋಚನೆ ಮಾಡೇ," ಎಂದಳು.

ಪಕ್ಕದ ಜಿಲ್ಲೆಯಲ್ಲಿ ಸಿಮೆಂಟು ಇಳಿಸಿ ಬರುವುದಕ್ಕೆ ಓನರಮ್ಮ ನಮ್ಮಿಬ್ಬರನ್ನೂ ಕಳಿಸಿದರು. ಜೋಡಿ ಹೇಗಿದೆ ನೋಡೋಣ ಎಂದು. ಹೋಗುವಾಗ ಅವನು ಓಡಿಸಿದ. ನಾನು ಸೀಟಿನ ಹಿಂದಿನ ಬರ್ತಿನಲ್ಲಿ ಪರದೆ ಎಳೆದು ಮಲಗಿದೆ. ಅವನ ಶರ್ಟನ್ನೇ ಮಡಚಿ ತಲೆದಿಂಬು ಮಾಡಿ ಕೊಟ್ಟಿದ್ದ. ಆ ಸೋಪಿನ ವಾಸನೆಗೆ ಎದೆ ತುಂಬಿ ಬಂತು. ಎಷ್ಟು ನಾಜೂಕಾಗಿ ಓಡಿಸುತ್ತಿದ್ದ! ಒಂದು ಗುಂಡಿಗೂ ಲಾರಿ ಕುಲುಕಲಿಲ್ಲ.

"ನಿದ್ದೆ ಬಂತಾ?" ಎಂದು ಪಿಸುಗುಟ್ಟಿದ.

"ಹೂಂ," ಎಂದೆ.

ನಿದ್ದೆ ಬಂದವಳು ಉತ್ತರ ಕೊಡುವುದಿಲ್ಲ ಎಂದು ಅವನು ನಕ್ಕ. ನಾನು ಕಣ್ಣು ಮುಚ್ಚಿದೆ. ನನಗಾಗಿ, ಅವನಿಗಾಗಿ, ಆ ಕೆಲಸಕ್ಕಾಗಿ ಗಟ್ಟಿಯಾಗಿ ಮುಚ್ಚಿದೆ. ಲಾರಿ ನಿಧಾನವಾದಾಗಲೆಲ್ಲ ಕಣ್ಣು ತಾನೇ ತೆರೆಯುತ್ತಿತ್ತು. ಅಲ್ಲಿಲ್ಲದ ಬ್ರೇಕನ್ನು ಕಾಲು ಒತ್ತುತ್ತಿತ್ತು.

ಬರುವಾಗ ನಾನು ಸ್ಟೇರಿಂಗ್ ಹಿಡಿದೆ. ಅವನು ಹಿಂದೆ ಹೋಗಿ ಮಲಗಿದ. ನಾನು ನಾಲ್ಕನೇ ಗೇರಿಗೆ ಬರುವಷ್ಟರಲ್ಲಿ ಗೊರಕೆ ಕೇಳಿಸಿತು. ಬಾಯಿ ಬಿಟ್ಟುಕೊಂಡು, ಇಡೀ ಜೀವ ನನ್ನ ಕೈಗೆ ಕೊಟ್ಟು ಮಲಗಿದ್ದ. ಮೋಸ ಮಾಡಿದವನಿಗೆ ನಿದ್ದೆ, ಮೋಸ ಹೋದವಳಿಗೆ ಎಚ್ಚರ. ಇದೆಂಥ ನ್ಯಾಯ ಎಂದು ಸಿಟ್ಟು ಬಂತು. ದಾರಿಯುದ್ದಕ್ಕೂ ಕಣ್ಣೊರೆಸಿಕೊಳ್ಳುತ್ತಾ ಓಡಿಸಿದೆ.

ಶೆಡ್ಡಿಗೆ ಬಂದು ಇಂಜಿನ್ ಆಫ್ ಮಾಡಿದಾಗ ಪರದೆ ಸರಿಸಿ ಇಣುಕಿದ. ಕೂದಲು ಕೆದರಿತ್ತು, ಕೆನ್ನೆಯ ಮೇಲೆ ಬಟ್ಟೆಯ ಗೆರೆ ಬಿದ್ದಿತ್ತು.

"ಎಂಥಾ ನಿದ್ದೆ! ಎಷ್ಟು ದಿನ ಆಗಿತ್ತು ಹೀಗೆ ಮಲಗಿ. ಹೇಳೋಣ್ವಾ ಓನರಮ್ಮಂಗೆ, ನಾವು ರೆಡಿ ಅಂತ?"

"ನನಗೆ ಈಗ್ಲೂ ನೀನೇ ಇಷ್ಟ," ಎಂದೆ.

ಅವನ ಮುಖ ಅರಳಿತು. ಆ ಮುಖ ನೋಡುತ್ತಲೇ ಮುಂದಿನದನ್ನೂ ಹೇಳಬೇಕಾಯಿತು.

"ಆದ್ರೆ ನೀನು ಓಡಿಸ್ತಿದ್ರೆ ನನಗೆ ನಿದ್ದೆ ಬರಲ್ಲ."

"ಹೊಸದರಲ್ಲಿ ಎಲ್ಲರಿಗೂ ಹಾಗೇ. ರಸ್ತೆ ಅಭ್ಯಾಸ ಆದ್ರೆ ಸರಿಹೋಗುತ್ತೆ."

"ರಸ್ತೆ ಭಯ ಅಲ್ಲ ಕಣೋ. ನಾನು ಕಣ್ಣು ಮುಚ್ಚಿದಾಗ ನೀನೆಲ್ಲಿ ಮತ್ತೆ ನನಗೆ ಒಳ್ಳೇದು ಮಾಡಿಬಿಡ್ತೀಯೋ ಅಂತ ಭಯ."

ಅವನು ಪರದೆಯ ಅಂಚನ್ನು ಹಿಡಿದುಕೊಂಡು ಹಾಗೇ ಕೂತ. ಕೆನ್ನೆಯ ಮೇಲಿನ ಆ ಗೆರೆಯನ್ನು ಒಮ್ಮೆ ಸವರಿ, ನಾನು ಕೆಳಗಿಳಿದೆ.

ಓನರಮ್ಮನ ಟೇಬಲ್ಲಿನ ಮೇಲೆ ಲಾರಿಯ ಕೀಲಿ ಇಟ್ಟು, ಚಿಕ್ಕ ಗಾಡಿಯನ್ನು ಕೇಳಿದೆ.

ಅವರು ಕನ್ನಡಕದ ಮೇಲಿನಿಂದ ನನ್ನನ್ನೇ ನೋಡಿದರು. "ಇವತ್ತು ಲೋಡಿಲ್ಲ. ನಾಳೆನೂ ಇರುತ್ತೋ ಇಲ್ವೋ ಹೇಳಕ್ಕಾಗಲ್ಲ."

"ಬಂದು ನೋಡ್ತೀನಿ ಮೇಡಂ," ಎಂದೆ.