ದಪ್ಪ ಅಕ್ಷರದಲ್ಲಿ ‘ನಮ್ಮನೆ ಮದುವೆ’

"ಫಾಂಟ್ ಮುಗೀತು!" ಎನ್ನುತ್ತಲೇ ಅವಳು ಅಂಗಡಿಯೊಳಗೆ ಬಂದು ಪೆನ್‌ಡ್ರೈವ್ ಚಾಚಿದಳು.

ಅವಳು ಫಾಂಟ್ ಡಿಸೈನರ್, ಅವನದು ಬೋರ್ಡ್ ಅಂಗಡಿ. ಒಂದು ವರ್ಷದಿಂದ ಅವಳು ಹೊಸ ಅಕ್ಷರಗಳನ್ನು ತರುತ್ತಿದ್ದಳು, ಅವನು ಸ್ಟಿಕ್ಕರ್ ಶೀಟಿನಲ್ಲಿ ಕತ್ತರಿಸಿ, ಅಂಟಿಸಿ ತೋರಿಸುತ್ತಿದ್ದ. "ಚೂಪು ಮೂಲೆ ಬಿಸಿಲಿಗೆ ಎದ್ದು ಬರುತ್ತೆ ಮೇಡಂ, ಸ್ವಲ್ಪ ದುಂಡಗೆ ಮಾಡಿ" ಎಂದು ಅವನು ಒಮ್ಮೆ ಹೇಳಿದ್ದಕ್ಕೆ, ಅವಳು ಎಲ್ಲ ಅಕ್ಷರಗಳ ತುದಿಯನ್ನೂ ತಿದ್ದಿಕೊಂಡು ಬಂದಿದ್ದಳು. ಅಂದಿನಿಂದ ಅವಳ ಸ್ಕೂಟರಿನ ಸದ್ದು ಅವನಿಗೆ ರಸ್ತೆಯ ತಿರುವಿನಲ್ಲೇ ಗೊತ್ತಾಗುತ್ತಿತ್ತು.

ಫೈಲ್ ತೆರೆದ. ದಪ್ಪಗೆ, ದುಂಡುದುಂಡಗೆ, ಬಲಕ್ಕೆ ವಾಲಿ, ಈಗಲೇ ಓಡಲು ಹೊರಟಂತಿದ್ದ ಅಕ್ಷರಗಳು: ನಮ್ಮನೆ ಮದುವೆ.

"ಆರಡಿ ಬೋರ್ಡು. ಭಾನುವಾರಕ್ಕೆ ಬೇಕು. ರಸ್ತೆ ಆಚೆಯಿಂದಲೂ ಕಾಣಬೇಕು," ಎಂದಳು. ಮುಖದ ತುಂಬ ನಗು.

"ಆಯ್ತು," ಎಂದ. ಅವಳ ಮುಖ ನೋಡದೆ ಅಳತೆ ಬರೆದುಕೊಂಡ.

ಮೂರು ದಿನ ಅವಳ ಫೋನ್ ಎತ್ತಲಿಲ್ಲ. ಆದರೆ ಕೆಲಸದಲ್ಲಿ ಮಾತ್ರ ಕೋಪ ತೋರಿಸಲಿಲ್ಲ. ಒಂದೊಂದು ಅಕ್ಷರವನ್ನೂ ತಾನೇ ಕೂತು ಅಂಟಿಸಿದ. ಒತ್ತಕ್ಷರದಡಿ ಸಿಕ್ಕಿಕೊಂಡ ಗಾಳಿಗುಳ್ಳೆಯನ್ನು ಹೆಬ್ಬೆರಳಿನಿಂದ ನೇವರಿಸಿ ನೇವರಿಸಿ ಹೊರಗೆ ದೂಡಿದ.

ಶನಿವಾರ ಬೆಳಿಗ್ಗೆ ಅವಳೇ ಬಂದು ಕೌಂಟರಿನ ಮುಂದೆ ನಿಂತಳು.

"ಫೋನ್ ಯಾಕೆ ಎತ್ತಲ್ಲ ನೀವು?"

"ಮದುವೆ ಹುಡುಗಿಗೆ ನೂರೆಂಟು ಕೆಲಸ ಇರುತ್ತೆ. ಮಧ್ಯೆ ನಾನ್ಯಾಕೆ ಅಂತ..."

ಅವಳು ಒಂದು ಕ್ಷಣ ಅವನನ್ನೇ ದಿಟ್ಟಿಸಿದಳು. "ಮದುವೆ ಹುಡುಗಿಗೆ ಐವತ್ನಾಲ್ಕು ವರ್ಷ ರೀ. ನಮ್ಮಮ್ಮ!"

ಅವನ ಕೈಯಲ್ಲಿದ್ದ ಟೇಪು ಜಾರಿ ಬಿತ್ತು.

"ಅಪ್ಪ ಹೋಗಿ ಹದಿನೆಂಟು ವರ್ಷ ಆಯ್ತು. ಈಗ ಅಮ್ಮನಿಗೆ ಒಬ್ರು ಒಳ್ಳೆಯವರು ಸಿಕ್ಕಿದಾರೆ. ದೊಡ್ಡಪ್ಪ, 'ಈ ವಯಸ್ಸಲ್ಲಿ ಮಾಡ್ಕೊಳ್ಳೋದಾದ್ರೆ ಸದ್ದಿಲ್ದೆ ಮಾಡ್ಕೊಳ್ಳಿ' ಅಂದ್ಬಿಟ್ರು. ಅಮ್ಮ ತಲೆ ತಗ್ಗಿಸಿ ಕೂತ್ಬಿಟ್ಳು. ನಂಗೆ ಮೈಯೆಲ್ಲ ಉರೀತು. ಅದಕ್ಕೇ ಇಷ್ಟು ದಪ್ಪ ಅಕ್ಷರ."

ಅವನು ಸ್ಟೂಲಿನ ಮೇಲೆ ಕೂತ. ಎದೆಯ ಮೇಲಿನ ಚಪ್ಪಡಿಯನ್ನು ಯಾರೋ ಎತ್ತಿಟ್ಟಂತಾಗಿ, ಉದ್ದಕ್ಕೆ ಉಸಿರು ಬಿಟ್ಟು ನಗತೊಡಗಿದ.

"ಮೂರು ದಿನದಿಂದ ಊಟ ಸೇರಿಲ್ಲ ಮೇಡಂ."

"ಯಾಕೆ?" ಕೇಳುವಾಗಲೇ ಅವಳ ಕೆನ್ನೆ ಕೆಂಪಾಗಿತ್ತು.

"ನೀವು ಬೇರೆ ಯಾರನ್ನೋ ಮದುವೆ ಆಗ್ತಿದೀರ ಅಂತ. ನಂಗೆ ನೀವಂದ್ರೆ ಇಷ್ಟ. ಮೊದಲೇ ಹೇಳಬೇಕಿತ್ತು, ಧೈರ್ಯ ಬರ್ಲಿಲ್ಲ."

ಅವಳು ಕೌಂಟರಿನ ಮೇಲಿದ್ದ ಸ್ಟಿಕ್ಕರ್ ಚೂರನ್ನು ಬೆರಳಿಗೆ ಅಂಟಿಸಿಕೊಂಡಳು, ಕಿತ್ತಳು, ಮತ್ತೆ ಅಂಟಿಸಿಕೊಂಡಳು.

"ನಂಗೂ ಅಷ್ಟೇ ಅಂತ ನೀವು ಫೋನ್ ಎತ್ತದೆ ಇದ್ದಾಗ ಗೊತ್ತಾಯ್ತು. ಬರೀ ಬೋರ್ಡಿನ ಚಿಂತೆ ಆಗಿದ್ರೆ ಹನ್ನೊಂದು ಸಲ ಮಾಡ್ತಿದ್ನಾ?"

ಆಚೆ ಈಚೆ ಹಿಡಿದು ಇಬ್ಬರೂ ಬೋರ್ಡನ್ನು ಅವಳ ಮನೆಗೆ ಹೊತ್ತೊಯ್ದು, ಗೇಟಿಗೆ ಒರಗಿಸಿದರು. ಅಮ್ಮ ಹೊರಗೆ ಬಂದರು. ಓದಿದರು. ಕಣ್ಣು ತುಂಬಿ ಬಂತು.

"ಇಷ್ಟು ದೊಡ್ಡದಾಗಾ? ಊರಿಗೆಲ್ಲ ಕಾಣುತ್ತಲ್ಲೇ!"

"ಕಾಣ್ಲಿ ಅಂತಾನೇ ಅಮ್ಮ."

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೊಮ್ಮೆ ಓದಿದರು. ಈ ಸಲ ಜೋರಾಗಿ. ಆಮೇಲೆ ನೋಟ ಪಕ್ಕಕ್ಕೆ ಸರಿಯಿತು.

"ಬೋರ್ಡು ಇಳಿಸಿ ಆಯ್ತಲ್ಲ. ಇವರು ಈಗ ನಿನ್ನ ಕೈ ಯಾಕೆ ಹಿಡ್ಕೊಂಡಿದಾರೆ?"

ಇಬ್ಬರೂ ನಕ್ಕರು. ಕೈ ಮಾತ್ರ ಬಿಡಲಿಲ್ಲ.

"ಸರಿ, ಒಳಗೆ ಬನ್ನಿ ಇಬ್ರೂ," ಎಂದು ಅಮ್ಮ ಬಾಗಿಲು ಪೂರ್ತಿ ತೆರೆದರು.